ಲಾಡ್ಜಿನ ಇತಿಹಾಸ ಬರೆಯಬೇಕಾ? ರೋಕಡ ಪುಸ್ತಕದಿಂದ ಶುರು ಮಾಡಿ

ಲಾಡ್ಜ್ ಅಂದರೆ ಹೆಚ್ಚಿನವರಿಗೆ ರೂಮು ಬಾಡಿಗೆಗೆ ಸಿಗುವ ಜಾಗ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ ಲಾಡ್ಜ್. ಫ್ರೀಮೇಸನ್‌ಗಳು, ಆಡ್ ಫೆಲೋಗಳು, ಎಲ್ಕ್ಸ್, ಇಂಥ ಸೋದರ ಸಂಘಗಳ ಸ್ಥಳೀಯ ಘಟಕಕ್ಕೂ ಲಾಡ್ಜ್ ಅಂತಲೇ ಹೆಸರು. ಗೊತ್ತಾದ ದಿನ ಸೇರುತ್ತಾರೆ, ಚಂದಾ ಕಟ್ಟುತ್ತಾರೆ, ಸದಸ್ಯರ ಮನೆಯಲ್ಲಿ ಕಷ್ಟ ಬಂದರೆ ಜೊತೆಗೆ ನಿಲ್ಲುತ್ತಾರೆ, ಊರಿನ ಕೆಲಸಕ್ಕೂ ಕೈ ಜೋಡಿಸುತ್ತಾರೆ.

ಇಂಥ ಲಾಡ್ಜಿಗೆ 50 ಅಥವಾ 100 ವರ್ಷ ತುಂಬುವ ಹೊತ್ತಿಗೆ ಯಾರೋ ಒಬ್ಬರ ಹೆಗಲಿಗೆ ಕೆಲಸ ಬೀಳುತ್ತದೆ. "ನಮ್ಮ ಇತಿಹಾಸ ಬರೆದುಕೊಡಿ ಬ್ರದರ್." ನನಗೂ ಹಾಗೇ ಬಿತ್ತು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಯಾವ ವರ್ಷ ಯಾರು ಮಾಸ್ಟರ್, ಅಂದರೆ ಲಾಡ್ಜಿನ ಮುಖ್ಯಸ್ಥ, ಆಗಿದ್ದರು ಅಂತ ಪಟ್ಟಿ ಮಾಡಿದೆ, ಪ್ರತಿ ಹೆಸರಿನ ಕೆಳಗೆ ಎರಡು ಸಾಲು ಬರೆದೆ. ಮೂರು ತಿಂಗಳ ಕೆಲಸ. ಓದಿದವರು ತಮ್ಮ ಹೆಸರು, ತಮ್ಮ ತಂದೆಯ ಹೆಸರು ಹುಡುಕಿ ಪುಸ್ತಕ ಮುಚ್ಚಿಟ್ಟರು.

ಆಮೇಲೆ ಒಂದು ಹಳೇ ರೋಕಡ ಪುಸ್ತಕ, ಅಂದರೆ ಹಣದ ಲೆಕ್ಕದ ಪುಸ್ತಕ, ಕೈಗೆ ಬಂತು. ಅದರಲ್ಲಿ ತಿಂಗಳು ತಿಂಗಳೂ ಒಂದೇ ಸಾಲು, ಒಂದೇ ಸಣ್ಣ ಮೊತ್ತ, ಒಬ್ಬ ಹೆಣ್ಣುಮಗಳ ಹೆಸರಿಗೆ. ಹೀಗೆ ಹನ್ನೊಂದು ವರ್ಷ. ಆ ಸಾಲು ಶುರುವಾದ ತಿಂಗಳ ನಡಾವಳಿ ತೆಗೆದು ನೋಡಿದೆ. ಒಬ್ಬ ಸದಸ್ಯ ತೀರಿಕೊಂಡಿದ್ದ, ಎರಡು ಚಿಕ್ಕ ಮಕ್ಕಳು. ಸಾಲು ನಿಂತ ತಿಂಗಳ ನಡಾವಳಿಯಲ್ಲಿ ಆಕೆಯ ಕಾಗದದ ವಿಷಯ ಇತ್ತು: ಕಿರಿಯವನಿಗೆ ಕೆಲಸ ಸಿಕ್ಕಿದೆ, ಇನ್ನು ಕಳಿಸಬೇಡಿ. ಆ ಹನ್ನೊಂದು ವರ್ಷದಲ್ಲಿ ಹನ್ನೊಂದು ಮಾಸ್ಟರ್‌ಗಳು ಬದಲಾಗಿದ್ದರು, ಆ ಸಾಲು ಮಾತ್ರ ತಪ್ಪಿರಲಿಲ್ಲ. ಲಾಡ್ಜಿನ ಇತಿಹಾಸ ಅಂದರೆ ಇದು ಅಲ್ವಾ? ನಾನು ಮಾಡಿದ ಪಟ್ಟಿಯನ್ನು ಪುಸ್ತಕದ ಕೊನೆಗೆ ತಳ್ಳಿ, ಮತ್ತೆ ಮೊದಲಿಂದ ಬರೆದೆ. ನೀವು ಮೊದಲಿಗೇ ಸರಿಯಾಗಿ ಶುರು ಮಾಡಲಿ ಅಂತ ಇದನ್ನೆಲ್ಲ ಹೇಳುತ್ತಿದ್ದೇನೆ.

ಮೊದಲು ಏನೇನಿದೆ ನೋಡಿ

ಲಾಡ್ಜಿನಲ್ಲಿ ಸಾಮಾನ್ಯವಾಗಿ ಐದು ಥರದ ಕಾಗದ ಇರುತ್ತವೆ. ಗೋಡೆಗೆ ತೂಗುಹಾಕಿದ ಚಾರ್ಟರ್ ಅಥವಾ ವಾರಂಟ್ (ಲಾಡ್ಜ್ ನಡೆಸಲು ಕೊಟ್ಟ ಅನುಮತಿ ಪತ್ರ), ಸೆಕ್ರೆಟರಿಯ ನಡಾವಳಿ ಪುಸ್ತಕ, ಟ್ರೆಷರರ್ ಬರೆದ ರೋಕಡ ಪುಸ್ತಕ, ಬಾಗಿಲಲ್ಲಿ ಸಹಿ ಹಾಕಿಸುವ ಹಾಜರಿ ಪುಸ್ತಕ, ಸಭೆಗೆ ಕರೆಯುವ ಸಮನ್ಸ್. ಇವಿಷ್ಟೂ ಒಂದೇ ಕಪಾಟಿನಲ್ಲಿ ಸಿಗುತ್ತವೆ ಅಂತ ಕಾಯಬೇಡಿ. ಹಳೇ ಸೆಕ್ರೆಟರಿಗಳ ಮನೆಗೆ ಹೋಗಿ. ಅಧಿಕಾರ ಬಿಟ್ಟ ಮೇಲೂ ಒಂದೆರಡು ಪುಸ್ತಕ ಮನೆಯ ಅಟ್ಟದಲ್ಲೇ ಉಳಿದಿರುತ್ತವೆ, ಅವರು ತೀರಿಕೊಂಡ ಮೇಲೆ ಮಕ್ಕಳಿಗೆ ಅದೇನು ಅಂತ ಗೊತ್ತಿರುವುದಿಲ್ಲ. ಫೋನ್ ಮಾಡಿದರೆ "ಏನೂ ಇಲ್ಲ" ಅಂತಾರೆ. ಮನೆಗೆ ಹೋಗಿ, ಅವರ ತಂದೆಯ ಬಗ್ಗೆ ಕೂತು ಮಾತಾಡಿದರೆ ಪೆಟ್ಟಿಗೆ ಕೆಳಗೆ ಬರುತ್ತದೆ. ನನಗೆ ಎರಡು ಪುಸ್ತಕ ಸಿಕ್ಕಿದ್ದು ಹಾಗೇ.

ಸಿಕ್ಕ ಪುಸ್ತಕಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹತ್ತಿರ ಪೆನ್ನು ಇಟ್ಟುಕೊಳ್ಳಬೇಡಿ, ಟಿಪ್ಪಣಿಗೆ ಪೆನ್ಸಿಲ್ ಸಾಕು. ಕೈ ತೊಳೆದು, ಚೆನ್ನಾಗಿ ಒಣಗಿಸಿ ಮುಟ್ಟಿ. ಬೂಷ್ಟು ಹಿಡಿದ ಪುಸ್ತಕ ಇದ್ದರೆ ಬೇರೆ ಇಡಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹಿಡಿಯುತ್ತದೆ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು, ಮೊಬೈಲಿನಲ್ಲೇ ಒಂದೊಂದು ಪುಟದ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಫೋಟೋದ ಹೆಸರಿನಲ್ಲಿ ಪುಸ್ತಕದ ವರ್ಷ ಮತ್ತು ಪುಟದ ಸಂಖ್ಯೆ ಇರಲಿ. ಆಮೇಲೆ ಓದುವುದೆಲ್ಲ ಫೋಟೋದಲ್ಲೇ.

ಹಳೇ ದಾಖಲೆಯ ಭಾಷೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜಾಸ್ತಿ ತಪ್ಪಾಗುವುದು ಇಲ್ಲೇ.

ಮೇಸಾನಿಕ್ ಲಾಡ್ಜಿನ ಹಳೇ ಕಾಗದದಲ್ಲಿ ವರ್ಷ 5890 ಅಂತ ಇದ್ದರೆ ಗಾಬರಿ ಬೇಡ. ಅದು 'ಅನ್ನೋ ಲೂಸಿಸ್', ಅಂದರೆ ಬೆಳಕಿನ ವರ್ಷದ ಲೆಕ್ಕ. ನಮ್ಮ ಕ್ಯಾಲೆಂಡರಿನ ವರ್ಷಕ್ಕೆ 4000 ಕೂಡಿಸಿ ಬರೆಯುವ ಪದ್ಧತಿ. 5890ರಿಂದ 4000 ಕಳೆದರೆ 1890.

ಇನ್ನು ಲಾಡ್ಜಿನ ಸಂಖ್ಯೆ. ಲಾಡ್ಜುಗಳ ಮೇಲಿನ ಸಂಸ್ಥೆಗೆ ಗ್ರ್ಯಾಂಡ್ ಲಾಡ್ಜ್ ಅಂತಾರೆ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಅಡಿಯಲ್ಲಿದ್ದ ಹಳೇ ಲಾಡ್ಜಾದರೆ ಅದರ ಸಂಖ್ಯೆ ಒಂದಕ್ಕಿಂತ ಹೆಚ್ಚು ಸಲ ಬದಲಾಗಿರಬಹುದು. ಮುಚ್ಚಿಹೋದ ಲಾಡ್ಜುಗಳ ಸಂಖ್ಯೆ ಖಾಲಿ ಉಳಿಯುತ್ತಿತ್ತು, ಅದನ್ನು ತುಂಬಲು ಎಲ್ಲರನ್ನೂ ಮುಂದೆ ಸರಿಸುತ್ತಿದ್ದರು. 1814ರಲ್ಲಿ ಇಂಗ್ಲೆಂಡಿನಲ್ಲಿದ್ದ ಎರಡು ಗ್ರ್ಯಾಂಡ್ ಲಾಡ್ಜುಗಳ ಪಟ್ಟಿ ಒಂದಾದಾಗ ಹೊಸ ಸಂಖ್ಯೆ ಬಂತು, 1832ರಲ್ಲಿ ಮತ್ತೆ, 1863ರಲ್ಲಿ ಕೊನೆಯ ಸಲ. ಹಾಗಾಗಿ 1850ರ ಕಾಗದದಲ್ಲಿ ಇರುವ ಸಂಖ್ಯೆಯೂ ಈಗ ನಿಮ್ಮ ಬಾಗಿಲ ಮೇಲಿರುವ ಸಂಖ್ಯೆಯೂ ಬೇರೆ ಬೇರೆ ಅಂದರೆ ಅದು ಬೇರೆ ಲಾಡ್ಜು ಅಂತ ಅಲ್ಲ. ಉಲ್ಟಾನೂ ನಿಜ: ಸಂಖ್ಯೆ ಒಂದೇ ಇದೆ ಅಂತ ಯಾರದೋ ಇತಿಹಾಸವನ್ನು ನಮ್ಮದು ಅಂದುಕೊಳ್ಳುವ ಅಪಾಯವೂ ಇದೆ. 1717ರಿಂದ 1894ರವರೆಗಿನ ಇಂಗ್ಲಿಷ್ ಲಾಡ್ಜುಗಳ ಹೆಸರು, ಸಂಖ್ಯೆ, ಸೇರುತ್ತಿದ್ದ ಜಾಗ ಎಲ್ಲವನ್ನೂ ಜಾನ್ ಲೇನ್ ಅನ್ನುವವರು ಒಂದೇ ಪಟ್ಟಿಗೆ ತಂದಿದ್ದಾರೆ, ಅದು ಈಗ ಆನ್‌ಲೈನಲ್ಲೂ ಸಿಗುತ್ತದೆ. ಮೊದಲು ಅದರಲ್ಲಿ ನೋಡಿ.

ಲಾಡ್ಜ್ ಹುಟ್ಟಿದ ದಿನ ಯಾವುದು? ಸುಲಭದ ಪ್ರಶ್ನೆ ಅನಿಸುತ್ತದೆ, ಆದರೆ ದಿನಾಂಕಗಳು ಮೂರು ಇರುತ್ತವೆ. ಅರ್ಜಿ ಹಾಕಿದ ದಿನ, ವಾರಂಟಿನ ಮೇಲಿರುವ ದಿನ, ವಿಧಿಪೂರ್ವಕವಾಗಿ ಉದ್ಘಾಟನೆಯಾದ ದಿನ. ಇವುಗಳ ಮಧ್ಯೆ ತಿಂಗಳುಗಟ್ಟಲೆ ಅಂತರ ಇರಬಹುದು. ಮೂರನ್ನೂ ಬರೆಯಿರಿ, ಯಾವುದನ್ನು ವಾರ್ಷಿಕೋತ್ಸವಕ್ಕೆ ಹಿಡಿದಿದ್ದೀರಿ ಅಂತಲೂ ಬರೆಯಿರಿ.

ಸದಸ್ಯರ ರಿಜಿಸ್ಟರಿನಲ್ಲಿ ಒಬ್ಬೊಬ್ಬರ ಮುಂದೆಯೂ ಮೂರು ತಾರೀಖು ಕಂಡರೆ ಅವು ಮೂರು ಡಿಗ್ರಿಗಳ, ಅಂದರೆ ಸದಸ್ಯ ಒಂದೊಂದಾಗಿ ಏರುವ ಮೂರು ಮೆಟ್ಟಿಲುಗಳ ದಿನ: ಇನಿಷಿಯೇಷನ್, ಪಾಸಿಂಗ್, ರೈಸಿಂಗ್. 'ಡಿಮಿಟ್' ಅಂತ ಇದ್ದರೆ ಬಾಕಿ ಚುಕ್ತಾ ಮಾಡಿ, ಮರ್ಯಾದೆಯಿಂದ ಬಿಟ್ಟುಹೋದವರು. 'ಎನ್.ಪಿ.ಡಿ.' ಅಂದರೆ ಚಂದಾ ಕಟ್ಟದ್ದಕ್ಕೆ ಹೆಸರು ತೆಗೆದದ್ದು. ಒಂದೇ ವರ್ಷದಲ್ಲಿ ಇಂಥವು ಸಾಲಾಗಿ ಕಂಡರೆ ಸುಮ್ನೆ ಲೆಕ್ಕ ಹಾಕಿ ಮುಂದೆ ಹೋಗಬೇಡಿ, ಆ ವರ್ಷ ಊರಿನಲ್ಲಿ ಏನಾಯಿತು ನೋಡಿ. ಗಿರಣಿ ಮುಚ್ಚಿತಾ, ಬೆಲೆ ಬಿತ್ತಾ? ಅಮೆರಿಕದಲ್ಲಿ 1929ರ ನಂತರದ ಆರ್ಥಿಕ ಕುಸಿತದಲ್ಲಿ ಸಾವಿರಾರು ಜನ ಚಂದಾ ಕಟ್ಟಲಾಗದೆ ಲಾಡ್ಜ್ ಬಿಟ್ಟರು. ರಿಜಿಸ್ಟರಿನಲ್ಲಿ ಅದು ಬರೀ ಮೂರಕ್ಷರ.

ಮಧ್ಯೆ ಖಾಲಿ ಬಿದ್ದ ವರ್ಷಗಳು

ನಡಾವಳಿ ಪುಸ್ತಕ ಇದ್ದಕ್ಕಿದ್ದಂತೆ ನಿಂತು, ಹತ್ತು ಹದಿನೈದು ವರ್ಷದ ಮೇಲೆ ಮತ್ತೆ ಶುರುವಾದರೆ "ದಾಖಲೆ ಕಳೆದಿದೆ" ಅಂತ ಬರೆದು ಮುಗಿಸಬೇಡಿ. ಕೆಲವು ಸಲ ಕಳೆದುಹೋಗಿದ್ದು ಪುಸ್ತಕ ಅಲ್ಲ, ಲಾಡ್ಜೇ ನಿಂತುಹೋಗಿರುತ್ತದೆ. 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೇಸನ್‌ಗಳ ಗುಟ್ಟು ಬಯಲು ಮಾಡುತ್ತೇನೆ ಅಂದಿದ್ದ ವಿಲಿಯಂ ಮಾರ್ಗನ್ ಅನ್ನುವವನು ಕಾಣೆಯಾದ. ಜನ ಸಿಟ್ಟಿಗೆದ್ದರು, ಮೇಸನ್ ವಿರೋಧಿ ಪಕ್ಷವೇ ಹುಟ್ಟಿತು, ಎಷ್ಟೋ ಲಾಡ್ಜುಗಳು ಚಾರ್ಟರ್ ವಾಪಸು ಕೊಟ್ಟವು. ಜರ್ಮನಿಯಲ್ಲಿ 1935ರ ಹೊತ್ತಿಗೆ ನಾಜಿಗಳು ಲಾಡ್ಜುಗಳನ್ನು ಮುಚ್ಚಿಸಿ, ಅವುಗಳ ಆಸ್ತಿಯನ್ನೂ ದಾಖಲೆಗಳನ್ನೂ ವಶಪಡಿಸಿಕೊಂಡರು.

ಆದರೆ ಸರ್ಕಾರದ ಅನುಮಾನವೇ ಕೆಲವು ಸಲ ಇತಿಹಾಸಕಾರನಿಗೆ ಸಹಾಯ ಮಾಡಿದೆ. ಬ್ರಿಟನ್ನಿನಲ್ಲಿ ರಹಸ್ಯ ಸಂಘಗಳ ಭಯದಿಂದ 1799ರಲ್ಲಿ ಒಂದು ಕಾನೂನು ತಂದರು. ಲಾಡ್ಜುಗಳಿಗೆ ವಿನಾಯಿತಿ ಇತ್ತು, ಆದರೆ ಒಂದು ಷರತ್ತು: ಸದಸ್ಯರ ಹೆಸರು, ವಿಳಾಸ, ಕಸುಬು ಎಲ್ಲ ಬರೆದ ಪಟ್ಟಿಯನ್ನು ಪ್ರತಿ ವರ್ಷ ಕೌಂಟಿಯ (ಅಲ್ಲಿನ ಜಿಲ್ಲೆಯ) ಅಧಿಕಾರಿಗೆ ಒಪ್ಪಿಸಬೇಕು. ಲಾಡ್ಜಿನ ಪುಸ್ತಕ ಗೆದ್ದಲು ತಿಂದಿದ್ದರೂ ಆ ಪಟ್ಟಿ ಕೌಂಟಿಯ ದಾಖಲೆ ಕೋಣೆಯಲ್ಲಿ ಉಳಿದಿರಬಹುದು. ಗ್ರ್ಯಾಂಡ್ ಲಾಡ್ಜಿಗೆ ಪ್ರತಿ ವರ್ಷ ಕಳಿಸುತ್ತಿದ್ದ ವರದಿಯೂ ಹಾಗೇ. ಭಾರತದಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿದ್ದು 1961ರಲ್ಲಿ. ಅದಕ್ಕೂ ಹಿಂದಿನ ಲಾಡ್ಜುಗಳು ಇಂಗ್ಲೆಂಡ್, ಸ್ಕಾಟ್ಲೆಂಡ್ ಅಥವಾ ಐರ್ಲೆಂಡಿನ ಅಡಿಯಲ್ಲಿದ್ದವು. ಹಾಗಾಗಿ ನಿಮ್ಮ ವಾರಂಟ್ ಯಾರದು ನೋಡಿಕೊಂಡು ಲಂಡನ್, ಎಡಿನ್‌ಬರೋ ಅಥವಾ ಡಬ್ಲಿನ್‌ಗೆ ಕಾಗದ ಬರೆಯಬೇಕು.

ದಂತಕಥೆಯನ್ನು ದಂತಕಥೆ ಅಂತಲೇ ಬರೆಯಿರಿ

ಪ್ರತಿ ಲಾಡ್ಜಿನಲ್ಲೂ ಒಬ್ಬ ದೊಡ್ಡ ಮನುಷ್ಯ ಬಂದುಹೋದ ಕಥೆ ಇರುತ್ತದೆ. ನನಗೂ ಅಂಥ ಕಥೆಗಳು ಇಷ್ಟ. ಆದರೆ ಹಾಜರಿ ಪುಸ್ತಕದಲ್ಲಿ ಸಹಿ ಇದೆಯಾ ನೋಡಿ. ಜಾರ್ಜ್ ವಾಷಿಂಗ್ಟನ್ ಮೇಸನ್ ಆಗಿದ್ದರು ಅಂತ ಧೈರ್ಯವಾಗಿ ಹೇಳಬಹುದು, ಯಾಕೆಂದರೆ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಲಾಡ್ಜಿನ ಪುಸ್ತಕದಲ್ಲೇ 1752ರ ನವೆಂಬರ್ 4ರ ಕೆಳಗೆ ಅವರ ಹೆಸರು ಇದೆ. ನಿಮ್ಮ ಕಥೆಗೆ ಅಂಥ ಸಾಲು ಸಿಗದಿದ್ದರೆ "ಹಿರಿಯರು ಹೀಗೆ ಹೇಳುತ್ತಾರೆ" ಅಂತ ಬರೆದರೆ ಸಾಕು, ಕಥೆಯ ಸೊಗಸು ಕಡಿಮೆಯಾಗುವುದಿಲ್ಲ.

ಹುಟ್ಟಿನ ಕಥೆಗೂ ಇದೇ ಮಾತು. ಬೈಬಲಿನ ರಾಜ ಸೊಲೊಮನ್ನನ ದೇವಾಲಯದ ಕಥೆ ಮೇಸನ್‌ಗಳ ವಿಧಿಯ ಭಾಗ, ಇತಿಹಾಸದ ಭಾಗ ಅಲ್ಲ. ಕಾಗದದಲ್ಲಿ ಸಿಗುವುದು ಅಂದರೆ ಎಡಿನ್‌ಬರೋದ ಮೇರೀಸ್ ಚಾಪೆಲ್ ಲಾಡ್ಜಿನ 1599ರ ನಡಾವಳಿಯಂಥವು. ಮೊದಲ ಗ್ರ್ಯಾಂಡ್ ಲಾಡ್ಜ್ ಲಂಡನ್ನಿನಲ್ಲಿ 1717ರಲ್ಲಿ ಹುಟ್ಟಿತು ಅಂತ ಲಾಡ್ಜುಗಳಲ್ಲಿ ಹೇಳುತ್ತಾರೆ, ಅದರ ನಿಯಮಗಳ ಪುಸ್ತಕ ಅಚ್ಚಾದದ್ದು 1723ರಲ್ಲಿ. ಅಮೆರಿಕದ ಆಡ್ ಫೆಲೋಗಳ ಕಥೆ ಇನ್ನೂ ಸರಳ. ಬಾಲ್ಟಿಮೋರ್ ನಗರದಲ್ಲಿ 1819ರ ಏಪ್ರಿಲ್ 26ರಂದು ಥಾಮಸ್ ವೈಲ್ಡಿ ಮತ್ತು ನಾಲ್ಕು ಜನ ಸೇರಿ ಶುರು ಮಾಡಿದರು. ಇಂಥ ದೊಡ್ಡ ಇತಿಹಾಸಕ್ಕೆ ನಿಮ್ಮ ಪುಸ್ತಕದಲ್ಲಿ ಎರಡು ಪುಟಕ್ಕಿಂತ ಜಾಸ್ತಿ ಕೊಡಬೇಡಿ. ಅದು ಬೇರೆ ಕಡೆಯೂ ಸಿಗುತ್ತದೆ, ನಿಮ್ಮ ಲಾಡ್ಜಿನದು ಬೇರೆಲ್ಲೂ ಸಿಗುವುದಿಲ್ಲ.

ಸೇವೆಯ ಲೆಕ್ಕ ತೆಗೆಯುವುದು

ಈಗ ರೋಕಡ ಪುಸ್ತಕ. ಒಂದು ಸ್ಪ್ರೆಡ್‌ಶೀಟ್ ಮಾಡಿ. ತಾರೀಖು, ಮೊತ್ತ, ಯಾರಿಗೆ, ಯಾತಕ್ಕೆ, ಪುಟ ಸಂಖ್ಯೆ. ಬಾಡಿಗೆ, ಊಟ, ಮೇಣದಬತ್ತಿ ಎಲ್ಲ ಬಿಟ್ಟು, ಹೊರಗಿನವರಿಗೋ ಕಷ್ಟದಲ್ಲಿದ್ದ ಸದಸ್ಯರಿಗೋ ಹೋದ ಹಣ ಮಾತ್ರ ಇಳಿಸಿ. ಬೇಸರದ ಕೆಲಸ, ಒಪ್ಪುತ್ತೇನೆ, ಆದರೆ ನೂರಿನ್ನೂರು ಸಾಲು ಆದ ಮೇಲೆ ಅದು ತಾನಾಗೇ ಕಥೆ ಹೇಳಲು ಶುರು ಮಾಡುತ್ತದೆ.

ಹಳೇ ಪುಸ್ತಕಗಳಲ್ಲಿ ಹಣ ವ್ಯಕ್ತಿಗಳಿಗೆ ಹೋಗಿರುವುದು ಜಾಸ್ತಿ: ಕಾಯಿಲೆ ಬಿದ್ದ ಸದಸ್ಯನಿಗೆ ವಾರಕ್ಕಿಷ್ಟು, ಹೆಣ ಹೂಳುವ ಖರ್ಚು, ವಿಧವೆಗೆ, ಅನಾಥ ಮಕ್ಕಳ ಶಾಲೆಗೆ. ಆಡ್ ಫೆಲೋಗಳ ಕಟ್ಟಳೆಯೇ ಅದು: ರೋಗಿಯನ್ನು ನೋಡು, ನೊಂದವರಿಗೆ ನೆರವಾಗು, ಸತ್ತವರನ್ನು ಹೂಳು, ಅನಾಥರನ್ನು ಓದಿಸು. ಆಮೇಲೆ ಒಂದು ಕಾಲದಲ್ಲಿ ಈ ಸಾಲುಗಳು ಕಡಿಮೆಯಾಗಿ ಆಸ್ಪತ್ರೆ, ಶಾಲೆ, ರಕ್ತದಾನ, ವಿದ್ಯಾರ್ಥಿವೇತನ ಕಾಣಿಸಿಕೊಳ್ಳುತ್ತವೆ. ಸದಸ್ಯರ ಮನಸ್ಸು ಬದಲಾಯಿತು ಅಂತ ತೀರ್ಮಾನ ಮಾಡುವ ಮೊದಲು ಸರ್ಕಾರ ಏನು ಮಾಡಿತು ನೋಡಿ. ಬ್ರಿಟನ್ನಿನಲ್ಲಿ 1911ರ ರಾಷ್ಟ್ರೀಯ ವಿಮೆ ಕಾನೂನು ಇಂಥ ಸಂಘಗಳ ಮೂಲಕವೇ ಕಾಯಿಲೆ ಭತ್ಯೆ ಹಂಚಿಸಿತು, 1948ರಲ್ಲಿ ಅದನ್ನೆಲ್ಲ ಸರ್ಕಾರವೇ ವಹಿಸಿಕೊಂಡಿತು. ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತೆ ಕಾನೂನು ಬಂದ ಮೇಲೆ ಮುದುಕರ, ವಿಧವೆಯರ ಭಾರ ಸ್ವಲ್ಪ ಸ್ವಲ್ಪವಾಗಿ ಲಾಡ್ಜಿನ ಹೆಗಲಿಂದ ಇಳಿಯಿತು. ಬಿಡುವಾದ ಹಣ ಬೇರೆ ದಾರಿ ಹಿಡಿಯಿತು.

ದೊಡ್ಡ ಸಂಸ್ಥೆಗಳ ಜೊತೆ ನಿಮ್ಮ ಲಾಡ್ಜಿನ ನಂಟು ಇದ್ದರೆ ಹಿನ್ನೆಲೆ ಎರಡು ಸಾಲು ಬರೆಯಿರಿ. ಇಂಗ್ಲೆಂಡಿನ ಮೇಸನ್‌ಗಳು ಹೆಣ್ಣುಮಕ್ಕಳಿಗಾಗಿ ಶಾಲೆ ಶುರು ಮಾಡಿದ್ದು 1788ರಲ್ಲಿ, ಮೊದಲ ತಂಡದಲ್ಲಿ 15 ಹುಡುಗಿಯರು. ಅಮೆರಿಕದಲ್ಲಿ ಮೇಸನ್‌ಗಳದೇ ಒಂದು ಸಂಘವಾದ ಶ್ರೈನರ್‌ಗಳು ಮಕ್ಕಳ ಮೊದಲ ಆಸ್ಪತ್ರೆ ತೆರೆದದ್ದು 1922ರಲ್ಲಿ, ಶ್ರೀವ್‌ಪೋರ್ಟ್‌ನಲ್ಲಿ. ಅಲ್ಲಿಗೆ ನಿಮ್ಮ ಲಾಡ್ಜು ಕಳಿಸಿದ ಸಣ್ಣ ಮೊತ್ತಕ್ಕೂ ರಸೀದಿ ಇದ್ದೀತು, ಹುಡುಕಿ.

ಮತ್ತೆ ಒಂದು ಮಾತು. ಹಣ ಪಡೆದವರ ಕಡೆಯಿಂದಲೂ ನೋಡಿ. ಶಾಲೆಗೆ ಬೆಂಚು ಕೊಟ್ಟೆವು ಅಂತ ನಡಾವಳಿಯಲ್ಲಿ ಠರಾವು ಇರುತ್ತದೆ, ಆದರೆ ಠರಾವು ಆದದ್ದೆಲ್ಲ ಆಗಿಬಿಟ್ಟಿದೆ ಅಂತ ಅಲ್ಲ. ರೋಕಡದಲ್ಲಿ ಹಣ ಹೋಗಿದೆಯಾ, ಶಾಲೆಯ ಪುಸ್ತಕದಲ್ಲಿ ಬಂದಿದೆಯಾ, ಎರಡೂ ಸೇರಿದರೆ ಮಾತ್ರ ಬರೆಯಿರಿ. ನಮ್ಮಲ್ಲಿ ಒಂದು ವಾಚನಾಲಯದ ಠರಾವು ಮೂರು ವರ್ಷ ಬೇರೆ ಬೇರೆ ಮಾತಿನಲ್ಲಿ ಬಂದಿತ್ತು, ವಾಚನಾಲಯ ಮಾತ್ರ ಆಗಲೇ ಇಲ್ಲ. ಅದನ್ನೂ ಬರೆದೆ. ಬಿಟ್ಟಿದ್ದರೆ ಉಳಿದ ನಿಜಗಳಿಗೂ ಬೆಲೆ ಇರುತ್ತಿರಲಿಲ್ಲ.

ಪುಸ್ತಕದಲ್ಲಿ ಇಲ್ಲದ್ದು

ರೋಕಡ ಪುಸ್ತಕದಲ್ಲಿ ಸಿಗದ ಸೇವೆ ತುಂಬಾ ಇದೆ. ಹಿಂದೆ ಆಡ್ ಫೆಲೋ ಲಾಡ್ಜುಗಳಲ್ಲಿ ಕಾಯಿಲೆ ಬಿದ್ದವರ ಪಕ್ಕ ರಾತ್ರಿ ಕೂರಲು ಸದಸ್ಯರಿಗೆ ಸರದಿ ಹಾಕುತ್ತಿದ್ದರು. ಅದಕ್ಕೆ ಹಣ ಇಲ್ಲ, ರಸೀದಿ ಇಲ್ಲ. ಇಂಥದ್ದನ್ನು ಬಾಯಿಂದಲೇ ಕೇಳಬೇಕು. ಹಿರಿಯ ಸದಸ್ಯರ ಹತ್ತಿರ ಹೋಗುವಾಗ ಒಂದು ಹಳೇ ಗುಂಪು ಫೋಟೋ ತೆಗೆದುಕೊಂಡು ಹೋಗಿ. "ನಿಮ್ಮ ಅನುಭವ ಹೇಳಿ" ಅಂದರೆ ಭಾಷಣ ಬರುತ್ತದೆ, "ಇವರು ಯಾರು?" ಅಂತ ಬೆರಳಿಟ್ಟು ಕೇಳಿದರೆ ಕಥೆ ಬರುತ್ತದೆ. ಹೇಳಿದ ಹೆಸರುಗಳನ್ನು ಎಡದಿಂದ ಬಲಕ್ಕೆ, ಸಾಲುವಾರು, ಆಗಲೇ ಬರೆದುಕೊಳ್ಳಿ. ನಾಳೆ ಮಾಡೋಣ ಅಂತ ಬಿಟ್ಟ ಒಂದು ಫೋಟೋದಲ್ಲಿ ಆರು ಮುಖಗಳು ನಮಗೆ ಹೆಸರಿಲ್ಲದೇ ಉಳಿದುಹೋದವು, ಗುರುತು ಹಿಡಿಯಬಲ್ಲ ಒಬ್ಬರೇ ಹಿರಿಯರು ಆ ತಿಂಗಳು ತೀರಿಕೊಂಡರು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಮನೆಯ ಹೆಂಗಸರನ್ನೂ ಕೇಳಲೇಬೇಕು. ಹೆಚ್ಚಿನ ಲಾಡ್ಜುಗಳ ನಡಾವಳಿಯಲ್ಲಿ ಅವರು "ಊಟದ ವ್ಯವಸ್ಥೆಗೆ ಧನ್ಯವಾದ" ಅನ್ನುವ ಒಂದು ಸಾಲು ಮಾತ್ರ. ಆದರೆ ಯಾವ ಮನೆಗೆ ನಿಜವಾಗಿ ಏನು ಬೇಕಿತ್ತು ಅಂತ ಗೊತ್ತಿದ್ದದ್ದು, ಅದನ್ನು ಹೋಗಿ ಕೊಟ್ಟುಬಂದದ್ದು ಬಹಳ ಸಲ ಅವರೇ. ಆಡ್ ಫೆಲೋಗಳು 1851ರಲ್ಲೇ ಹೆಂಗಸರಿಗೆ ರೆಬೆಕಾ ಡಿಗ್ರಿ ತಂದರು. ನಿಮ್ಮ ಊರಿನಲ್ಲಿ ಅಂಥ ಲಾಡ್ಜು ಇದ್ದಿದ್ದರೆ ಅವರದೇ ಬೇರೆ ನಡಾವಳಿ ಇರುತ್ತದೆ.

ಯಾರನ್ನು ಒಳಗೆ ಬಿಡಲಿಲ್ಲ ಅನ್ನುವುದನ್ನೂ ಮುಚ್ಚಿಡಬೇಡಿ. ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಅವರ ಜೊತೆಗಿದ್ದ ಕಪ್ಪು ಜನರಿಗೆ ಸ್ಥಳೀಯ ಲಾಡ್ಜುಗಳಲ್ಲಿ ಜಾಗ ಇರಲಿಲ್ಲ. ಅವರು ಬ್ರಿಟಿಷ್ ಸೈನ್ಯದ ಒಂದು ಲಾಡ್ಜಿನಲ್ಲಿ ಸೇರಿ, 1784ರ ತಾರೀಖಿನ ವಾರಂಟ್ ಲಂಡನ್ನಿನಿಂದ ತರಿಸಿಕೊಂಡರು. ಅಮೆರಿಕದ ಬಿಳಿಯರ ಗ್ರ್ಯಾಂಡ್ ಲಾಡ್ಜುಗಳು ಪ್ರಿನ್ಸ್ ಹಾಲ್ ಪರಂಪರೆಯನ್ನು ಒಂದೊಂದಾಗಿ ಒಪ್ಪಿಕೊಳ್ಳಲು ಶುರು ಮಾಡಿದ್ದು 1989ರಲ್ಲಿ, ಕನೆಕ್ಟಿಕಟ್‌ನಿಂದ. ಬಾಂಬೆಯಲ್ಲಿ 1843ರಲ್ಲಿ ಜೇಮ್ಸ್ ಬರ್ನ್ಸ್ ಭಾರತೀಯರಿಗಾಗಿಯೇ ರೈಸಿಂಗ್ ಸ್ಟಾರ್ ಲಾಡ್ಜ್ ಕಟ್ಟಿದರು. ಬೇರೆಯದನ್ನೇ ಕಟ್ಟಬೇಕಾಯಿತು ಅನ್ನುವುದೇ ಆಗಿನ ಪರಿಸ್ಥಿತಿ ಹೇಳುತ್ತದೆ. ನಿಮ್ಮ ಲಾಡ್ಜಿನ ರಿಜಿಸ್ಟರಿನಲ್ಲಿ ಕಸುಬಿನ ಕಾಲಂ ಇದ್ದರೆ ಅದನ್ನು ಓದಿ, ಯಾರು ಇದ್ದರು, ಯಾರು ಇರಲಿಲ್ಲ ಅಂತ ತಾನಾಗೇ ಗೊತ್ತಾಗುತ್ತದೆ.

ಅಚ್ಚು ಹಾಕಬಾರದ್ದು

ವಿಧಿಯ ಮಾತು, ಗುರುತಿನ ಸನ್ನೆ ಇವುಗಳನ್ನು ಬಿಡಬೇಕು ಅಂತ ಸದಸ್ಯರಿಗೆ ಹೇಳಬೇಕಾಗಿಲ್ಲ. ನಾನು ಹೇಳುವುದು ಬೇರೆ. ನೆರವು ಪಡೆದವರ ಹೆಸರು ಹಾಕಬೇಡಿ, ಎಷ್ಟೇ ಹಳೆಯದಾದರೂ. ಅವರ ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇರಬಹುದು. ಹನ್ನೊಂದು ವರ್ಷದ ಆ ಸಾಲನ್ನು ನಮ್ಮ ಪುಸ್ತಕದಲ್ಲಿ ಬರೆದಾಗ ಹೆಸರು, ವರ್ಷ ಎರಡನ್ನೂ ತೆಗೆದೆ, ಕಥೆ ಹಾಗೇ ನಿಂತಿತು. ಮತದಾನದಲ್ಲಿ ಕಪ್ಪು ಗುಂಡು, ಅಂದರೆ ಬೇಡ ಅನ್ನುವ ಮತ, ಬಿದ್ದು ಸದಸ್ಯತ್ವ ಸಿಗದವರ ಹೆಸರೂ ಬೇಡ. ಬದುಕಿರುವ ಸದಸ್ಯರ ಹೆಸರು, ಫೋಟೋ ಹಾಕಲು ಅವರ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ. ಅಚ್ಚಿಗೆ ಕೊಡುವ ಮೊದಲು ಗ್ರ್ಯಾಂಡ್ ಲಾಡ್ಜಿನ ನಿಯಮ ಏನು ಅಂತಲೂ ಸೆಕ್ರೆಟರಿಯನ್ನು ಕೇಳಿ.

ಬರೆಯುವಾಗ ವರ್ಷವಾರು ಹೋಗಬೇಡಿ, ಕೆಲಸವಾರು ಹೋಗಿ. ಕಾಯಿಲೆಯವರು, ಮಕ್ಕಳ ಓದು, ಯುದ್ಧದ ವರ್ಷಗಳು, ಕಟ್ಟಡ ಕಟ್ಟಿದ ಕಥೆ, ಹೀಗೆ. ಕಟ್ಟಡದ ಕಥೆಗೆ ಜಾಸ್ತಿ ಜಾಗ ಬೇಡ, ಎಲ್ಲರೂ ಅದನ್ನೇ ಉದ್ದ ಬರೆಯುತ್ತಾರೆ. ಪಟ್ಟಿಗಳೆಲ್ಲ ಹಿಂದಿನ ಪುಟಗಳಿಗೆ. ಮಾಸ್ಟರ್‌ಗಳ ಪಟ್ಟಿಯ ಪಕ್ಕ ಸೆಕ್ರೆಟರಿ ಮತ್ತು ಟ್ರೆಷರರ್‌ಗಳ ಪಟ್ಟಿಯೂ ಇರಲಿ, ಈ ಪುಸ್ತಕ ಸಾಧ್ಯವಾದದ್ದು ಅವರ ಕೈಬರಹದಿಂದ. ಅಚ್ಚಾದ ಮೇಲೆ ಒಂದು ಪ್ರತಿ ಗ್ರ್ಯಾಂಡ್ ಲಾಡ್ಜಿಗೆ, ಒಂದು ಊರಿನ ಗ್ರಂಥಾಲಯಕ್ಕೆ. ಫೋಟೋ ತೆಗೆದ ಫೈಲುಗಳ ಪ್ರತಿಯನ್ನು ಬೇರೆ ಬೇರೆ ಇಬ್ಬರ ಮನೆಯಲ್ಲಿ ಇಡಿ.

ಇನ್ನೊಂದು ಕೆಲಸ ಈ ತಿಂಗಳೇ ಶುರು ಮಾಡಬಹುದು. ಸಭೆ ಮುಗಿದ ಮೇಲೆ ಸೆಕ್ರೆಟರಿ ಒಂದು ಪುಟ ಜಾಸ್ತಿ ಬರೆಯಲಿ: ಈ ತಿಂಗಳು ಯಾರನ್ನು ನೋಡಲು ಯಾರು ಆಸ್ಪತ್ರೆಗೆ ಹೋದರು, ಯಾರು ರಕ್ತ ಕೊಟ್ಟರು, ಯಾರ ಮನೆಗೆ ಊಟ ಹೋಯಿತು. ವಾಟ್ಸಾಪ್ ಗುಂಪಿನಲ್ಲಿ ಇದೆಲ್ಲ ಇದೆ ಅಂತ ನೀವು ಹೇಳಬಹುದು. ಫೋನ್ ಬದಲಾದರೆ ಅದು ಹೋಗಿಬಿಡುತ್ತದೆ. ಪುಟದ ಕೆಳಗೆ ತಾರೀಖು, ಸಹಿ ಹಾಕಿ ನಡಾವಳಿ ಪುಸ್ತಕದ ಜೊತೆಗೇ ಹೊಲಿಸಿಡಿ.